ಗಡಿಯೂರಿನ ಕನ್ನಡ ಮಾಸ್ತರನಿಗೆ

ತಮ್ಮಾ, ಬೆಳಗಾವಿಯಲ್ಲಿ ಕನ್ನಡ ಕಲಿಸುವ ನೌಕರಿ ಸಿಕ್ಕಿತೆಂದು ಪೇಢೆ ತಂದು ಕಾಲಿಗೆರಗಿದೆ. ಬಹಳ ಸಂತೋಷವಾಯಿತು. ಹಾಸನದ ಕಡೆಯ ಹುಡುಗ ಧಾರವಾಡಕ್ಕೆ ಬಂದು ಎಂ.ಎ. ಮಾಡಿ, ಈಗ ಇನ್ನೂ ಮೇಲಕ್ಕೆ, ಗಡಿಯ ಅಂಚಿಗೆ ಹೊರಟಿದ್ದೀಯ. ನಿನ್ನಲ್ಲಿ ಓದು ಇದೆ, ದನಿ ಇದೆ, ಮಕ್ಕಳ ಮೇಲೆ ಅಕ್ಕರೆ ಇದೆ. ಸಾಲದಿರುವುದು ತಾಳ್ಮೆ ಒಂದೇ. ಚಹಾ ಆರುವ ಮೊದಲೇ ನಿನ್ನ ಯೋಜನೆಯನ್ನೆಲ್ಲ ಹೇಳಿ ಮುಗಿಸಿಬಿಟ್ಟೆ. ಮೊದಲ ವಾರ ಕನ್ನಡದ ಹುಡುಗರನ್ನೂ ಮರಾಠಿ ಹುಡುಗರನ್ನೂ ಎದುರುಬದುರು ಕೂಡಿಸಿ ಗಡಿ ಸಮಸ್ಯೆಯ ಮೇಲೆ ಚರ್ಚೆ. ಎರಡನೆಯ ವಾರ ಸಾಮರಸ್ಯದ ಕವಿತೆಗಳು. ದೀಪಾವಳಿಯ ಹೊತ್ತಿಗೆ ಎಲ್ಲರೂ ಕೈ ಕೈ ಹಿಡಿದು ಒಂದು ಫೋಟೋ. ಹೌದೋ ಅಲ್ಲವೋ?

ಆ ಹಾಳೆಯನ್ನು ಮಡಚಿ ಚೀಲದ ತಳಕ್ಕೆ ಹಾಕು. ಆ ಭಾಗದಲ್ಲಿ ಬಹುಕಾಲ ಪಾಠ ಮಾಡಿದವನು ನಾನು. ಸ್ವಲ್ಪ ಕೇಳು.

ಮೊದಲು ಜಗಳ ಏನೆಂಬುದನ್ನು ಸರಿಯಾಗಿ ತಿಳಿದುಕೊಂಡು ಹೋಗು. ಮೊಬೈಲಿನಲ್ಲಿ ಬರುವ ಆವೇಶದ ಮಾತು ಬಿಡು, ಕಾಗದದ ಮೇಲಿರುವುದನ್ನು ಓದು. ಬೆಳಗಾವಿ ಮೊದಲು ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಗಡಿಯ ಆಚೆಯವರು ಒಪ್ಪಲಿಲ್ಲ. 1966ರಲ್ಲಿ ಕೇಂದ್ರ ಸರ್ಕಾರ ಮೆಹರ್‌ಚಂದ್ ಮಹಾಜನರ ಆಯೋಗ ನೇಮಿಸಿತು. ಮರುವರ್ಷ ವರದಿ ಬಂತು. 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳು ಕರ್ನಾಟಕಕ್ಕೆ, ಬೆಳಗಾವಿ ನಗರ ಇದ್ದಲ್ಲೇ ಇರಲಿ ಎಂದಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ತಳ್ಳಿಹಾಕಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅಂದರೆ ನಿನ್ನ ಮುಂದೆ ಕೂರುವ ಹುಡುಗರು ಹುಟ್ಟುವ ಮೊದಲೇ ಹೂಡಿದ ದಾವೆ ಇದು. ಅವರ ಅಜ್ಜಂದಿರು ಶುರುಮಾಡಿದ ಮಾತು, ಅಪ್ಪಂದಿರು ಮುಂದುವರಿಸಿದ್ದು. ಹುಡುಗರು ಅದನ್ನು ಊಟದ ತಟ್ಟೆಯ ಮುಂದೆ ಕೂತು ಕೇಳಿಸಿಕೊಂಡು ಬೆಳೆದಿದ್ದಾರೆ.

ಅದೇ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದಿತು. ಸೇರಲಿಲ್ಲ, ಕೇರಳದಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿಡೀ ಅದಕ್ಕಾಗಿ ಹೋರಾಡಿದರು. ಕಾಸರಗೋಡಿನ ಕನ್ನಡದ ಮಗು ತನ್ನದಲ್ಲದ ರಾಜ್ಯದಲ್ಲಿ ತನ್ನ ಭಾಷೆ ಓದುವಾಗ ಏನು ಅನುಭವಿಸುತ್ತದೆ ಎಂದು ನಿನಗೆ ಹೊಟ್ಟೆಯಲ್ಲಿ ಕಲಕುತ್ತದೆಯಲ್ಲ? ಆ ಸಂಕಟವನ್ನು ಮರೆಯದೆ ಬೆಳಗಾವಿಯ ವರ್ಗದೊಳಗೆ ಕಾಲಿಡು. ಮೂರನೆಯ ಬೆಂಚಿನಲ್ಲಿ ಕೂತ ಮರಾಠಿ ಹುಡುಗಿಯ ಮುಖ ಆಗ ನಿನಗೆ ಬೇರೆಯಾಗಿ ಕಾಣುತ್ತದೆ.

ಇಷ್ಟು ತಿಳಿದುಕೊಂಡೆಯಾ? ಇನ್ನು ಅದನ್ನು ಬಾಯಿಬಿಟ್ಟು ಹೇಳಬೇಡ, ಅವರಾಗಿ ಕೇಳುವವರೆಗೆ. ತಿಳಿವಳಿಕೆ ನಿನ್ನ ಕೈಲಿರುವುದು ಸುಳ್ಳುಸುದ್ದಿ ವರ್ಗದೊಳಗೆ ನುಗ್ಗಿದಾಗ ತಡೆಯಲಿಕ್ಕೆ, ಭಾಷಣ ಮಾಡಲಿಕ್ಕಲ್ಲ.

ನನ್ನ ಜೊತೆ ಒಬ್ಬರು ಕೆಲಸ ಮಾಡುತ್ತಿದ್ದರು. ಒಳ್ಳೆಯವರು, ಓದಿದವರು. ಪಾಠದ ನಡುವೆ ಒಂದು ದಿನ ಒಬ್ಬ ಹುಡುಗಿಯ ಕಡೆ ತಿರುಗಿ, ಇದಕ್ಕೆ ನಿಮ್ಮವರು ಏನಂತಾರಮ್ಮಾ ಎಂದು ಕೇಳಿದರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ, ಅವಳನ್ನು ಮಾತಿಗೆ ಎಳೆಯಬೇಕೆಂದಿದ್ದರು. ಆ ಹುಡುಗಿ ಅಲ್ಲಿಯವರೆಗೆ ಕತೆಯನ್ನು ತಾನೇ ಓದಿ, ತಾನೇ ಅತ್ತು, ತಾನೇ ನಕ್ಕು ಬಂದಿದ್ದಳು. ಆ ಒಂದು ಪ್ರಶ್ನೆಯಿಂದ ಅವಳ ತಲೆಯ ಮೇಲೆ ಇಡೀ ಸಮಾಜ ಬಂದು ಕೂತಿತು. ಏನು ಹೇಳಿದರೂ ಅದು ಅವಳ ಮಾತಾಗದು, ಅವಳ ಜನರ ಮಾತಾಗುತ್ತದೆ. ಅವಳು ಮರುದಿನದಿಂದ ಹಿಂದಿನ ಬೆಂಚಿಗೆ ಹೋದಳು. ವರ್ಷವಿಡೀ ಬಾಯಿ ಬಿಡಲಿಲ್ಲ.

ಯಾವ ಮಗುವನ್ನೂ ಅದರ ಜನರ ವಕೀಲನನ್ನಾಗಿ ಮಾಡಬೇಡ. ಅದಕ್ಕೆ ಹದಿನೆಂಟು ವರ್ಷ. ಅದಕ್ಕೆ ಬೇಕಾದದ್ದು ತನ್ನ ಅಭಿಪ್ರಾಯ ಯಾವುದೆಂದು ತಾನೇ ಕಂಡುಕೊಳ್ಳುವ ಒಂದು ಜಾಗ. ಆ ಜಾಗ ಊರಲ್ಲಿ ಇಲ್ಲ, ಓಣಿಯಲ್ಲಿ ಇಲ್ಲ, ಮನೆಯಲ್ಲೂ ಕಡಿಮೆ. ನಿನ್ನ ವರ್ಗದಲ್ಲಿ ಇದ್ದರೆ ಉಂಟು.

ಹಾಗಾದರೆ ಏನು ಮಾಡಬೇಕು ಎನ್ನುತ್ತೀಯ. ಪಾಠ ಮಾಡು. ಮುಖ ಸಣ್ಣದು ಮಾಡಿಕೊಳ್ಳಬೇಡ, ಇದು ಚಿಕ್ಕ ಕೆಲಸವಲ್ಲ. ಕತೆಯನ್ನು ಗಟ್ಟಿಯಾಗಿ ಓದು, ಅವರಿಂದಲೂ ಓದಿಸು. ಸಣ್ಣ ಸಣ್ಣ ಪ್ರಶ್ನೆ ಕೇಳು. ಅವಳು ಬಾಗಿಲು ತೆರೆಯುವ ಮೊದಲು ಯಾಕೆ ನಿಂತಳು? ಅವನು ಈ ಮಾತನ್ನು ತಂದೆಗೆ ಹೇಳದೆ ಗೆಳೆಯನಿಗೆ ಯಾಕೆ ಹೇಳಿದ? ಇಂಥ ಪ್ರಶ್ನೆಗೆ ಕನ್ನಡದ ಉತ್ತರ ಬೇರೆ, ಮರಾಠಿಯ ಉತ್ತರ ಬೇರೆ ಇರುವುದಿಲ್ಲ. ಗಮನವಿಟ್ಟು ಓದಿದವನ ಉತ್ತರ ಇರುತ್ತದೆ, ಓದದವನ ಉತ್ತರ ಇರುತ್ತದೆ. ವರ್ಗದೊಳಗೆ ಗುಂಪು ಕಟ್ಟಲೇಬೇಕಾದರೆ ಆ ಎರಡೇ ಗುಂಪು ಇರಲಿ.

ಒಂದು ಪುಸ್ತಕದ ಮಾತು ಹೇಳುತ್ತೇನೆ. ಶರಣಕುಮಾರ ಲಿಂಬಾಳೆಯವರ ಅಕ್ಕರಮಾಶಿ, 1984ರಲ್ಲಿ ಮರಾಠಿಯಲ್ಲಿ ಬಂದ ಆತ್ಮಕಥೆ. ಕನ್ನಡದಲ್ಲೂ ಸಿಗುತ್ತದೆ. ಲಿಂಬಾಳೆ ಹುಟ್ಟಿ ಬೆಳೆದದ್ದು ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಹನ್ನೂರಿನಲ್ಲಿ. ಅಕ್ಕಲಕೋಟೆ ಎಂದೊಡನೆ ಕನ್ನಡದ ಹುಡುಗರು ನೆಟ್ಟಗೆ ಕೂರುತ್ತಾರೆ. ಮಹಾಜನ ವರದಿ ನಮಗೆ ಕೊಡಿ ಎಂದ ತಾಲೂಕು ಅದು. ಇರಲಿ, ಕೂರಲಿ. ಓದಿಸುತ್ತ ಹೋಗು.

ಆ ಆತ್ಮಕಥೆಯ ಹುಡುಗನ ತಾಯಿ ಮಹಾರ ಜಾತಿಯ ಹೆಂಗಸು. ತಂದೆ ಲಿಂಗಾಯತ ಪಾಟೀಲ. ತಂದೆ ಮಗನನ್ನು ಮಗನೆಂದು ಒಪ್ಪಲಿಲ್ಲ, ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿನ ಜಾಗ ಹುಡುಗನನ್ನು ಕೊನೆಯವರೆಗೆ ಚುಚ್ಚಿತು. ಸಾಕಿದವಳು ಅಜ್ಜಿ ಸಂತಾಮಾಯಿ, ಜೊತೆಗೆ ಅವಳೊಂದಿಗೆ ಬಾಳಿದ ಒಬ್ಬ ಮುಸಲ್ಮಾನ ಮುದುಕ. ಬಸ್ಸಿನಿಂದ ಇಳಿದವರ ಹೊರೆ ಹೊತ್ತು ಬದುಕಿದವನು ಅವನು. ಈ ಹುಡುಗ ಅವನನ್ನೇ ದಾದಾ ಎಂದು ಕರೆದ. ಬಸ್ ನಿಲ್ದಾಣವೇ ಆ ಮನೆಯವರ ಮನೆ.

ಈ ಭಾಗ ಓದಿಸುವಾಗ ವರ್ಗದಲ್ಲಿ ಏನಾಗುತ್ತದೆ ಎಂದು ಮತ್ತೆ ಮತ್ತೆ ನೋಡಿದ್ದೇನೆ. ಮರಾಠಿ ಹುಡುಗರಿಗೆ ಇದು ತಮ್ಮ ಭಾಷೆಯ ಪುಸ್ತಕವೆಂಬ ಹೆಮ್ಮೆ ಇರುತ್ತದೆ. ನಾಲ್ಕು ಪುಟ ಹೋಗುವುದರೊಳಗೆ ಆ ಹೆಮ್ಮೆ ಮುಜುಗರವಾಗುತ್ತದೆ. ಹಸಿವು, ಅವಮಾನ ಎಲ್ಲ ಅವರ ಊರಿನ ನೆರಳಿನಲ್ಲೇ ನಡೆದದ್ದು. ಕನ್ನಡದ ಹುಡುಗರೂ ಮೊದಲು ಹಾಯಾಗಿರುತ್ತಾರೆ, ಅದು ಆಚೆಯವರ ಕತೆ ಎಂದು. ಪಾಟೀಲನ ಜಾತಿ ಬಂದಕೂಡಲೇ ಕೆಲವರ ತಲೆ ಬಗ್ಗುತ್ತದೆ. ಇಷ್ಟು ದಿನ ಬಾಯಿ ಬಿಡದ ಒಂದೆರಡು ಮಕ್ಕಳು, ಕನ್ನಡದವರೂ ಇರುತ್ತಾರೆ ಮರಾಠಿಯವರೂ ಇರುತ್ತಾರೆ, ತಲೆ ಎತ್ತುವುದೂ ಆಗಲೇ. ಊರಿಗೂ ಕೇರಿಗೂ ನಡುವಿನ ಗಡಿ ಅವರಿಗೆ ಗೊತ್ತು. ಯಾವ ಆಯೋಗವೂ ಅದನ್ನು ಅಳೆಯಲು ಬಂದಿಲ್ಲ. ಆ ಪುಸ್ತಕದ ಬೆನ್ನಿಗೇ ಮುದ್ದೇಬಿಹಾಳದ ಕಡೆಯ ಅರವಿಂದ ಮಾಲಗತ್ತಿಯವರ ಆತ್ಮಕಥೆ ಗೌರ್ಮೆಂಟ್ ಬ್ರಾಹ್ಮಣ ಇಡು. ಎರಡನ್ನೂ ಓದಿದ ಮೇಲೆ ಬೆಂಚುಗಳಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದು ತಾನಾಗಿ ಸ್ವಲ್ಪ ಬದಲಾಗುತ್ತದೆ. ನೀನು ಎಬ್ಬಿಸಿ ಕೂಡಿಸಬೇಕಾಗಿಲ್ಲ.

ನಿನ್ನನ್ನು ನಾನು ಬಲ್ಲೆ, ಇಲ್ಲಿಗೆ ಬಂದಕೂಡಲೇ ಎದ್ದು ನಿಂತು, ನೋಡಿ, ಭಾಷೆಯ ಜಗಳ ಸುಳ್ಳು, ಜಾತಿಯ ನೋವೇ ನಿಜ ಎಂದು ಷರಾ ಬರೆಯುತ್ತೀಯ. ಬೇಡಪ್ಪಾ. ಭಾಷೆಯ ನೋವೂ ನಿಜವೇ. ತನ್ನ ಹೊಲದ ಉತಾರ, ಅಂದರೆ ಪಹಣಿ, ಕನ್ನಡದಲ್ಲಿ ಬಂದಾಗ ಓದಲಾರದೆ ಯಾರದೋ ಮುಂದೆ ಹಿಡಿದು ನಿಲ್ಲುವ ಖಾನಾಪುರದ ಮರಾಠಿ ರೈತನನ್ನು ನೋಡಿದ್ದೇನೆ. ಮಹಾರಾಷ್ಟ್ರದ ಜತ್ತದಲ್ಲಿ ಅದೇ ಉತಾರ ಮರಾಠಿಯಲ್ಲಿ ಹಿಡಿದು ನಿಲ್ಲುವ ಕನ್ನಡದ ರೈತನೂ ಇದ್ದಾನೆ. ಇಬ್ಬರಿಗೂ ನಾಚಿಕೆ ಒಂದೇ. ಆ ರೈತನ ಮಗ ನಿನ್ನ ವರ್ಗದಲ್ಲಿದ್ದರೆ, ನಿನ್ನ ಷರಾ ಅವನಿಗೆ ಹಗುರ ಮಾತಾಗಿ ಕೇಳುತ್ತದೆ.

ಇನ್ನೊಂದು ಆತುರ ಇದೆ ನಿನಗೆ. ಬೇಂದ್ರೆಯವರ ಮನೆಮಾತು ಮರಾಠಿ, ಆದರೂ ಕನ್ನಡದ ವರಕವಿಯಾದರು, ಮೊದಲ ದಿನ ಇದನ್ನೇ ಹೇಳುತ್ತೇನೆ ಎಂದೆ. ಹೇಳುವವನ ಕಿವಿಗೆ ಇದು ಸೌಹಾರ್ದದ ಮಾತು. ಎದುರಿಗೆ ಕೂತ ಮರಾಠಿ ಹುಡುಗನ ಕಿವಿಗೆ ಹೀಗೆ ಕೇಳುತ್ತದೆ: ಅವರು ಬಂದರು, ನೀನು ಯಾವಾಗ ಬರುತ್ತೀ? ಅಲ್ಲಿಂದಾಚೆ ಅವನಿಗೂ ಬೇಂದ್ರೆಗೂ ನಡುವೆ ನೀನು ನಿಂತುಬಿಟ್ಟೆ. ಬೇಂದ್ರೆಯವರನ್ನು ಪುರಾವೆಯಾಗಿ ಹಾಜರುಪಡಿಸಬೇಡ. ಕವಿತೆ ಓದಿಸು. ಆ ನಾದಕ್ಕೆ ತಲೆದೂಗದ ಮಗುವನ್ನು ನಾನಂತೂ ಕಂಡಿಲ್ಲ, ಮನೆಮಾತು ಯಾವುದೇ ಇರಲಿ. ನರಬಲಿ ಎಂಬ ಕವಿತೆಗಾಗಿ ಬ್ರಿಟಿಷರು ಈ ಕವಿಯನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿಟ್ಟಿದ್ದರು ಎಂದು ಹೇಳು. ದಿನಾ ಬಸ್ಸಿನಲ್ಲಿ ಆ ಹಾದಿಯಲ್ಲಿ ಬರುವ ಮಕ್ಕಳಿರುತ್ತಾರೆ. ಒಂದು ಪದ್ಯಕ್ಕೆ ಸರ್ಕಾರ ಯಾಕೆ ಹೆದರಿತು ಎಂಬ ಪ್ರಶ್ನೆ ಸಾಕು, ಒಂದು ತಾಸು ಸಾಲುವುದಿಲ್ಲ. ಬೇಂದ್ರೆಯವರು ಮುಂದೆ ಸೋಲಾಪುರದಲ್ಲಿ ಪ್ರಾಧ್ಯಾಪಕರಾಗಿದ್ದರು, ಮರಾಠಿಯಲ್ಲೂ ಬರೆದರು ಎಂಬುದನ್ನು ಯಾವತ್ತೋ ಒಂದು ದಿನ ಹುಡುಗರೇ ಹುಡುಕಿಕೊಂಡು ಬಂದು ನಿನಗೆ ಹೇಳುತ್ತಾರೆ. ಆಗ ಗೊತ್ತಿಲ್ಲದವನಂತೆ ಕೇಳಿಸಿಕೋ.

ವಿಠ್ಠಲನ ವಿಷಯವೂ ಹಾಗೇ, ನಾಟಕದ ವಿಷಯವೂ ಹಾಗೇ. ಪಂಢರಪುರದ ದೇವರು ಮೂಲತಃ ಯಾರವನು ಎಂದು ಎಳೆದಾಡುವವರು ಎರಡೂ ಕಡೆ ಇದ್ದಾರೆ. ಅವನು ಹರಿದಾಸರಿಗೂ ಸಿಕ್ಕ, ವಾರಕರಿಗಳಿಗೂ ಸಿಕ್ಕ. ಪುರಂದರದಾಸರ ಒಂದು ಕೀರ್ತನೆ, ತುಕಾರಾಮರ ಒಂದು ಅಭಂಗ ಪಕ್ಕಪಕ್ಕ ಹಾಡಿಸು. ಹಾಡಿಸಬೇಕು, ಬರೀ ಓದಿಸಬೇಡ. ನಾಟಕದ್ದಂತೂ ಸೊಗಸಾದ ಕತೆ. ಉತ್ತರ ಕನ್ನಡದಿಂದ ಹೋದ ಯಕ್ಷಗಾನದವರ ಆಟ ಸಾಂಗ್ಲಿಯ ಅರಮನೆಯಲ್ಲಿ ನಡೆಯಿತು. ಅದನ್ನು ಕಂಡ ಮೇಲೆಯೇ ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿ ಅಲ್ಲಿಂದ ಹೊರಟಿತು. ಮರಾಠಿ ಕಂಪನಿಗಳು ನಮ್ಮ ಧಾರವಾಡ, ಗದಗಿಗೆ ಬಂದು ಹಣ ಬಾಚಿಕೊಂಡು ಹೋಗುವುದನ್ನು ನೋಡಿ ನಾಟಕಕಾರ ಶಾಂತಕವಿಗಳಿಗೆ ರೇಗಿತು. 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡದ ನಾಟಕ ಮಂಡಳಿ ಎದ್ದು ನಿಂತಿತು. ನೋಡು, ಇಲ್ಲಿ ಪ್ರೀತಿಯೂ ಇದೆ, ಹೊಟ್ಟೆಕಿಚ್ಚೂ ಇದೆ, ಎರಡರಿಂದಲೂ ಒಳ್ಳೆಯದೇ ಹುಟ್ಟಿತು. ಬರೀ ಪ್ರೀತಿಯ ಅರ್ಧವನ್ನು ಹೇಳಿ ಬಿಡಬೇಡ. ಹುಡುಗರು ಜಾಣರು, ಬಣ್ಣ ಹಚ್ಚಿದ್ದನ್ನು ಗುರುತಿಸುತ್ತಾರೆ. ಸ್ಪರ್ಧೆಯನ್ನೂ ಸೇರಿಸಿ ಹೇಳಿದರೆ ನಿನ್ನನ್ನು ನಂಬುತ್ತಾರೆ.

ಈಗ ಕೆಟ್ಟ ದಿನಗಳ ಮಾತು. ಬರುತ್ತವೆ, ತಪ್ಪುವುದಿಲ್ಲ. ನವೆಂಬರ್ 1 ನಿನಗೆ ರಾಜ್ಯೋತ್ಸವ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರಿಗೆ ಕರಾಳ ದಿನ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು, ಅದರ ಬೆನ್ನಿಗೇ ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಪೆಟ್ಟು ಬಿತ್ತು. ಮರುವರ್ಷ ಗಡಿಯ ಎರಡೂ ಬದಿ ವಾಹನಗಳಿಗೆ ಏಟು. ಇಂಥದ್ದಾದ ಮರುದಿನ ಬೆಳಿಗ್ಗೆ ನಿನ್ನ ವರ್ಗ ಇರುತ್ತದೆ. ಅರ್ಧ ಮಕ್ಕಳು ಬಂದಿರುವುದಿಲ್ಲ, ಬಂದವರು ಬಾಗಿಲ ಕಡೆ ನೋಡುತ್ತಿರುತ್ತಾರೆ. ಆ ದಿನ ಚರ್ಚೆಗೆ ಕೈ ಹಾಕಬೇಡ. ಹಸಿಯಾರದ ಎರೆಹೊಲದಲ್ಲಿ ಕುಂಟೆ ಹೊಡೆದರೆ ಮಣ್ಣೆಲ್ಲ ಹೆಂಟೆಯಾಗಿ ಬಿಡುತ್ತದೆ, ಮುಂದಿನ ಬಿತ್ತನೆಗೂ ಕಷ್ಟ. ಯಾರ್ಯಾರ ಮನೆ ತಲುಪಲು ತೊಂದರೆ ಇದೆ ಎಂದು ಮೊದಲು ಕೇಳು. ಬಸ್ಸಿದೆಯೋ ಇಲ್ಲವೋ ವಿಚಾರಿಸು. ಆಮೇಲೆ ನಿನ್ನೆ ನಿಲ್ಲಿಸಿದ ಪುಟದಿಂದ ಪಾಠ ಮುಂದುವರಿಸು. ನಿನ್ನ ದನಿ ನಿನ್ನೆಯ ದನಿಯೇ ಆಗಿರಲಿ. ಬಂದಿಲ್ಲದ ಮಕ್ಕಳು ಬಂದಮೇಲೆ ಯಾಕೆ ಬರಲಿಲ್ಲ ಎಂದು ಎಲ್ಲರ ಮುಂದೆ ನಿಲ್ಲಿಸಿ ಕೇಳಬೇಡ.

ಮಾತು ಬೆಳೆದೇ ಬಿಟ್ಟರೆ? ಒಮ್ಮೆ ನನ್ನ ವರ್ಗದಲ್ಲಿ ಬೆಳೆಯಿತು. ಬೆಳವಡಿ ಮಲ್ಲಮ್ಮನ ವಿಷಯ. ಬೈಲಹೊಂಗಲ ತಾಲೂಕಿನ ಆ ಊರಿನ ರಾಣಿ ಶಿವಾಜಿಯ ಸೈನ್ಯದೆದುರು ನಿಂತವಳು ಎಂದು ನಮ್ಮ ಲಾವಣಿಗಳು ಹಾಡುತ್ತವೆ. ಒಬ್ಬ ಎದ್ದು, ನಮ್ಮ ಮಲ್ಲಮ್ಮ ನಿಮ್ಮ ಶಿವಾಜಿಯನ್ನು ಸೋಲಿಸಿದಳು ಎಂದ. ಇನ್ನೊಬ್ಬ ಬೆಂಚು ಗುದ್ದಿ ಎದ್ದ. ನನ್ನ ವರ್ಗದಲ್ಲಿ ಒಂದೇ ಕಟ್ಟಳೆ ಇತ್ತು: ಎಲ್ಲಿದೆ, ತೋರಿಸು. ಕೂಗಿ ಹೇಳಬಹುದು, ಸಿಟ್ಟಿನಿಂದ ಹೇಳಬಹುದು, ಆದರೆ ಎಲ್ಲಿ ಓದಿದೆ, ಯಾರು ಹಾಡಿದ್ದು ಕೇಳಿದೆ ಎಂದು ತಂದು ತೋರಿಸಬೇಕು. ಇಬ್ಬರಿಗೂ ಒಂದು ವಾರ ಕೊಟ್ಟೆ. ಒಬ್ಬ ಲಾವಣಿ ತಂದ. ಇನ್ನೊಬ್ಬ ಮರಾಠಿಯ ಕಥನ ತಂದ. ಅಲ್ಲಿ ಅವಳ ಹೆಸರು ಸಾವಿತ್ರಿಬಾಯಿ ದೇಸಾಯಿ. ಎರಡನ್ನೂ ಇಡೀ ವರ್ಗ ಕೂತು ಓದಿತು. ಯಾರು ಯಾವುದನ್ನು ಹಿಗ್ಗಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ, ಹಾಡುವವನು ಯಾರ ಅಂಗಳದಲ್ಲಿ ನಿಂತು ಹಾಡುತ್ತಿದ್ದಾನೆ. ಎರಡೂ ಕಡೆಯವರು ಆ ಹೆಂಗಸಿನ ಕೆಚ್ಚನ್ನು ಮಾತ್ರ ಕಡಿಮೆ ಮಾಡಿ ಹೇಳಿಲ್ಲ ಎಂದು ಕಂಡುಹಿಡಿದವಳು ಮುಂದಿನ ಬೆಂಚಿನ ಒಬ್ಬ ಹುಡುಗಿ. ಧಾರವಾಡದ ಹತ್ತಿರದ ಯಾದವಾಡದಲ್ಲಿ ಒಂದು ಶಿಲ್ಪವಿದೆ, ಜನ ಅದನ್ನು ಈ ಕತೆಗೇ ಜೋಡಿಸುತ್ತಾರೆ. ಅದನ್ನು ನೋಡಲು ಆ ಇಬ್ಬರು ಹುಡುಗರು ಒಂದೇ ಬೈಕಿನಲ್ಲಿ ಹೋಗಿಬಂದರು. ಅವರು ಗೆಳೆಯರಾದರು ಎಂದು ನಾನು ಹೇಳುತ್ತಿಲ್ಲ. ಶಿವಾಜಿಯ ವಿಷಯದಲ್ಲಿ ಇಬ್ಬರದೂ ಅಭಿಪ್ರಾಯ ಇಂದಿಗೂ ಬೇರೆ ಬೇರೆ ಇರಬಹುದು. ಆದರೆ ಆಧಾರ ಕೇಳುವುದನ್ನು ಇಬ್ಬರೂ ಕಲಿತರು. ಸಾಹಿತ್ಯದ ಮಾಸ್ತರನ ಕೈಲಾಗುವುದು ಅದು, ಅದು ದೊಡ್ಡದು.

ಸಣ್ಣದೆಂದು ಕಾಣುವ ಸಂಗತಿಗಳಲ್ಲಿ ಎಚ್ಚರವಿರಲಿ. ಮರಾಠಿಯಲ್ಲಿ ಬಸ್ಸು ಹೆಣ್ಣು. ಆ ಮಕ್ಕಳು ಕನ್ನಡದಲ್ಲಿ ಬಸ್ಸು ಬಂದಳು ಎನ್ನುತ್ತಾರೆ, ಇಡೀ ವರ್ಗ ಗೊಳ್ಳೆಂದು ನಗುತ್ತದೆ. ನೀನು ನಗಬೇಡ, ನಿನ್ನ ತುಟಿಯ ಅಂಚೂ ಅಲುಗದಿರಲಿ. ಆಗಲೇ ತಿದ್ದದೆ ಆಮೇಲೆ ಹತ್ತಿರ ಕರೆದು ತಿದ್ದು. ನಿನ್ನ ಹಾಸನದ ಕನ್ನಡಕ್ಕೆ ಬೆಳಗಾವಿಯ ಕನ್ನಡದ ಹುಡುಗರೇ ಮುಸಿಮುಸಿ ನಗುತ್ತಾರೆ, ಆಗ ಗೊತ್ತಾಗುತ್ತದೆ ಅದರ ಉರಿ. ಟಿಪ್ಪಣಿಯನ್ನು ದೇವನಾಗರಿಯಲ್ಲಿ ಬರೆದುಕೊಳ್ಳುವ ಮಕ್ಕಳಿರುತ್ತಾರೆ, ಬರೆದುಕೊಳ್ಳಲಿ. ಪರೀಕ್ಷೆಯ ಹೊತ್ತಿಗೆ ಕನ್ನಡದ ಅಕ್ಷರ ಕೂಡಿಸಿಕೊಳ್ಳುತ್ತಾರೆ. ಉತ್ತರಪತ್ರಿಕೆ ತಿದ್ದುವಾಗ ಮೊದಲು ವಿಚಾರ ನೋಡು, ಕಾಗುಣಿತ ಆಮೇಲೆ. ಹಾಗೆಂದು ಕರುಣೆಯ ಅಂಕವನ್ನೂ ಹಾಕಬೇಡ. ಕರುಣೆಯ ಅಂಕ ಪಡೆದ ಮಗುವಿಗೆ ಅದು ಕರುಣೆಯದೆಂದು ತಿಳಿಯುತ್ತದೆ, ಪಕ್ಕದವನಿಗೂ ತಿಳಿಯುತ್ತದೆ.

ಹಾಜರಿ ಪುಸ್ತಕ ಕೈಗೆ ಬಂದಾಗ ಹೆಸರು ನೋಡಿ ಮನೆಮಾತು ಎಣಿಸಲು ಹೋಗಬೇಡ. ಪಾಟೀಲ, ದೇಸಾಯಿ, ಕುಲಕರ್ಣಿ, ಜಾಧವ, ಇವರಲ್ಲಿ ಯಾರು ಯಾವ ಕಡೆ ಎಂದು ಆ ಊರಿನವರಿಗೇ ಹೆಸರಿನಿಂದ ತಿಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ತಾಯಿ ಒಂದು ಭಾಷೆ, ತಂದೆ ಒಂದು ಭಾಷೆ.

ಕೊನೆಯದಾಗಿ ನಿನಗೊಂದು ಪಾಠ. ನೀನೂ ಮರಾಠಿ ಕಲಿ. ದೇವನಾಗರಿ ಹಿಂದಿಯಿಂದ ಬಂದೇ ಇದೆ, ಅರ್ಧ ಕೆಲಸ ಮುಗಿದಂತೆ. ಕವಯಿತ್ರಿ ಇಂದಿರಾ ಸಂತರು ಬೆಳಗಾವಿಯಲ್ಲೇ ಬಾಳಿದವರು, ಗರ್ಭರೇಶೀಮ ಸಂಕಲನಕ್ಕೆ 1984ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕತೆಗಾರ ಜಿ.ಎ. ಕುಲಕರ್ಣಿ ಬೆಳಗಾವಿಯಲ್ಲಿ ಓದಿ, ಇದೇ ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಮರಾಠಿಯ ದೊಡ್ಡ ಕತೆಗಳನ್ನು ಬರೆದವರು. ನೀನು ಎಂ.ಎ. ಮಾಡಿದ ಊರಿನಲ್ಲೇ ಇದ್ದವರನ್ನು ನೀನು ಓದಿಲ್ಲವೆಂದರೆ ಹೇಗೆ? ನಿನ್ನ ಮರಾಠಿ ವಿದ್ಯಾರ್ಥಿಗಳನ್ನೇ ಕೇಳು, ಕಲಿಸುತ್ತಾರೆ. ನಿನ್ನ ತಪ್ಪಿಗೆ ಅವರು ನಗಲಿ, ನೀನು ತಿದ್ದಿಕೋ. ದೀಪಾವಳಿ ರಜೆಗೆ ಬಂದಾಗ ಜಿ.ಎ. ಅವರ ಯಾವುದಾದರೂ ಕತೆಯ ಒಂದು ಪುಟ ನನ್ನೆದುರು ಗಟ್ಟಿಯಾಗಿ ಓದಬೇಕು. ಉಚ್ಚಾರ ನಾನು ನೋಡಿಕೊಳ್ಳುತ್ತೇನೆ.